ಸ್ಪಷ್ಟನೆ: ಸ್ಟೆಮ್ ಸೆಲ್ ಕಸಿಗೆ ಬ್ಲಡ್ ಗ್ರೂಪ್ ಹೊಂದಬೇಕಿಲ್ಲ

"ಲ್ಯುಕೇಮಿಯಾ ರೋಗಿಗೆ ಸ್ಟೆಮ್ ಸೆಲ್ ಬೇಕು, ಓ ಪಾಸಿಟಿವ್ ಇರುವವರು ಮಾತ್ರ ಬನ್ನಿ. ಪೂರ್ತಿ ಮ್ಯಾಚ್ ಆಗದಿದ್ದರೆ ಬೇರೆ ದಾರಿಯೇ ಇಲ್ಲ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ನಾನೂ ಅದನ್ನು ಮೂರು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು.

ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರ್; ಸ್ಟೆಮ್ ಸೆಲ್ ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶ. ರಕ್ತ ಕೊಡುವಾಗ ಗ್ರೂಪ್ ಮುಖ್ಯ, ಸರಿ. ಕಸಿಗೆ ಮುಖ್ಯವಾಗಿ ನೋಡುವುದು ಎಚ್‌ಎಲ್‌ಎ. ಇವು ನಮ್ಮ ಜೀವಕೋಶಗಳ ಮೇಲಿರುವ ಗುರುತಿನ ಪ್ರೋಟೀನ್‌ಗಳು. ಯಾರು ನಮ್ಮವರು, ಯಾರು ಹೊರಗಿನವರು ಅಂತ ದೇಹ ತಿಳಿಯುವುದು ಇವುಗಳಿಂದ. ಇವು ಹೊಂದದಿದ್ದರೆ ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವ ಅಪಾಯ ಜಾಸ್ತಿ. ಬ್ಲಡ್ ಗ್ರೂಪ್ ಬೇರೆಯಾದರೂ ಕಸಿ ಮಾಡುತ್ತಾರೆ. ಆಮೇಲೆ ರೋಗಿಯ ಗ್ರೂಪೇ ನಿಧಾನವಾಗಿ ದಾನಿಯ ಗ್ರೂಪ್ ಆಗಿಬಿಡುತ್ತದೆ. ವಿಚಿತ್ರ ಅಲ್ವಾ?

ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ 25%. ಅಪ್ಪ ಅಮ್ಮ ಸಾಮಾನ್ಯವಾಗಿ ಅರ್ಧ ಹೊಂದುತ್ತಾರೆ. ಹಿಂದೆ ಈ ಅರ್ಧ ಹೊಂದಿಕೆ ಸಾಲುತ್ತಿರಲಿಲ್ಲ. ಈಗ ಕಸಿಯಾದ ಮೇಲೆ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಕೊಟ್ಟು, ಅರ್ಧ ಹೊಂದಿದರೂ ಕಸಿ ಮಾಡುತ್ತಾರೆ. ಹಾಗಾಗಿ "ಬೇರೆ ದಾರಿಯೇ ಇಲ್ಲ" ಎಂಬ ಮಾತೂ ಸರಿಯಲ್ಲ.

ದಾನಿಯಾಗಲು ಮನಸ್ಸಿದ್ದರೆ ಬೆಂಗಳೂರಿನ ಡಿಕೆಎಂಎಸ್ ಅಥವಾ ಚೆನ್ನೈನ ದಾತ್ರಿ ನೋಂದಣಿಯಲ್ಲಿ ಹೆಸರು ಕೊಡಿ. ಕೆನ್ನೆಯ ಒಳಭಾಗಕ್ಕೆ ಹತ್ತಿ ಕಡ್ಡಿ ಉಜ್ಜಿ ಕೊಟ್ಟರೆ ಆಯಿತು, ಎಚ್‌ಎಲ್‌ಎ ಪರೀಕ್ಷೆ ಅದರಲ್ಲೇ ಆಗುತ್ತದೆ. ಯಾವ ಗ್ರೂಪಿನವರಾದರೂ ಸರಿ.

ಆ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಓ ಪಾಸಿಟಿವ್ ಅಲ್ಲ ಅಂತ ಸುಮ್ನೆ ಕೂತವರಲ್ಲೇ ಹೊಂದುವವರು ಇರಬಹುದು.