ರೇಂಜಿನಲ್ಲಿ ಸಿಕ್ಕ ಹಿತ್ತಾಳೆ ಕೇಸುಗಳನ್ನೆಲ್ಲ ಬಾಚಿಕೊಳ್ಳಬೇಡಿ

ಅಮೆರಿಕದಲ್ಲಿರುವ ನನ್ನ ಕನ್ನಡದ ಗೆಳೆಯರಲ್ಲಿ ಕೆಲವರು ಬಂದೂಕಿನ ಗುಂಡಿನ ಬೆಲೆ ನೋಡಿ ಮನೆಯಲ್ಲೇ ರೀಲೋಡಿಂಗ್ ಶುರು ಮಾಡಿದ್ದಾರೆ, ಅಂದರೆ ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಗೆ (ಇದೇ ಕೇಸು) ಮತ್ತೆ ಸಿಡಿಮದ್ದು ತುಂಬಿ ಬಳಸುವುದು. ಇಲ್ಲಿ ಸ್ವಂತ ಬಳಕೆಗಾದರೆ ಫೆಡರಲ್ ಲೈಸೆನ್ಸ್ ಬೇಕಿಲ್ಲ. (ಊರಲ್ಲಿರುವವರು ದಯವಿಟ್ಟು ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವುದು ಅಪರಾಧ.) ಮದ್ದು ಯಾವುದು, ಗುಂಡು ಜೋಡಿಸುವ ಪ್ರೆಸ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಕೇಸಿನ ಬಗ್ಗೆ ಕೇಳುವವರೇ ಇಲ್ಲ. ಶೂಟಿಂಗ್ ರೇಂಜಿನ ನೆಲದಲ್ಲಿ ಬಿದ್ದಿದ್ದನ್ನೆಲ್ಲ ಬಕೆಟ್‌ಗೆ ತುಂಬಿಕೊಂಡು ಬರುತ್ತಾರೆ. ಇದನ್ನು ನೋಡಿದರೆ ನನಗೆ ಭಯವಾಗುತ್ತದೆ. ಮದ್ದು ಉರಿದಾಗ ಗ್ಯಾಸು ನಮ್ಮ ಕೈ, ಮುಖದ ಕಡೆ ನುಗ್ಗದಂತೆ ತಡೆಯುವುದು ಆ ಕೇಸೇ ಅಲ್ವಾ?

ಹೊಸಬರಿಗೆ ನಾನು ಹೇಳುವುದು .38 ಸ್ಪೆಷಲ್ ಎಂಬ ರಿವಾಲ್ವರ್ ಗುಂಡು. ಅದರ ಗರಿಷ್ಠ ಒತ್ತಡ 17,000 ಪಿಎಸ್‌ಐ, ಪಿಸ್ತೂಲಿನ 9 ಎಂಎಂ ಗುಂಡಿನದು 35,000. ಒತ್ತಡ ಕಡಿಮೆ ಇರುವುದರಿಂದ ಕೇಸು ಬಹಳ ಸಲ ಬಾಳಿಕೆ ಬರುತ್ತದೆ. ರಿವಾಲ್ವರ್ ಆದ್ದರಿಂದ ಕೇಸು ಎಲ್ಲೋ ಹಾರಿ ಬೀಳುವುದೂ ಇಲ್ಲ. ನಿಮ್ಮ ಕೇಸು ನಿಮ್ಮ ಕೈಯಲ್ಲೇ ಇರುತ್ತದೆ, ಎಷ್ಟು ಸಲ ಹಾರಿಸಿದ್ದು ಅಂತ ಲೆಕ್ಕವೂ ಇರುತ್ತದೆ.

9 ಎಂಎಂ ಕಥೆಯೇ ಬೇರೆ. ನೆಲದಲ್ಲಿ ಸಿಗುವುದೆಲ್ಲ ಅದೇ, ಯಾರು ಎಷ್ಟು ಸಲ ತುಂಬಿದ್ದರೋ ಗೊತ್ತಿಲ್ಲ. ಮೊದಲು ಅಯಸ್ಕಾಂತ ಆಡಿಸಿ. ಹಿತ್ತಾಳೆ ಬಣ್ಣದ ಲೇಪ ಹಚ್ಚಿದ ಉಕ್ಕಿನ ಕೇಸುಗಳು ಅಂಟಿಕೊಳ್ಳುತ್ತವೆ, ಅವು ಬೇಡ. ಆಮೇಲೆ ತಳದ ಮುದ್ರೆ ಓದಿ, ಕಂಪನಿವಾರು ಬೇರೆ ಮಾಡಿ. ನೋಡಲು 9 ಎಂಎಂ ಥರವೇ ಇರುವ .380 ಎಂಬ ಬೇರೆ ಗುಂಡಿನ ಕೇಸು ಇಲ್ಲೇ ಸಿಕ್ಕಿಬೀಳುತ್ತದೆ. ವೃತ್ತದೊಳಗೆ ಕೂಡಿಸುವ ಚಿಹ್ನೆ ಇದ್ದರೆ ಅದು ನೇಟೊ ಸೇನಾ ಮಾನದಂಡದ ಮಾಲು. ಅದರಲ್ಲಿ ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿರುವುದುಂಟು. ಆ ಅಂಚು ಸರಿ ಮಾಡದೆ ಹೊಸ ಪ್ರೈಮರ್ ಕೂರುವುದಿಲ್ಲ.

ಮುಖ್ಯವಾದದ್ದು ಟಾರ್ಚ್ ಪರೀಕ್ಷೆ. ಒಂದೊಂದೇ ಕೇಸಿನ ಒಳಗೆ ಬೆಳಕು ಬಿಟ್ಟು ನೋಡಿ. ಗೋಡೆ ಬಾಯಿಂದ ತಳದವರೆಗೆ ನುಣ್ಣಗೆ ಇಳಿಯಬೇಕು. ಕೆಲವು ಕೇಸುಗಳಲ್ಲಿ ಅರ್ಧದಲ್ಲಿ ಮೆಟ್ಟಿಲಿನಂಥ ಅಂಚು ಕಾಣುತ್ತದೆ. ಅಲ್ಲಿಂದ ಕೆಳಗೆ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಎಂದಿನ ಅಳತೆಯ ಮದ್ದು ಹಾಕಿದರೂ ಒತ್ತಡ ಏರುತ್ತದೆ, ಆ ಅಂಚಿನಲ್ಲೇ ಕೇಸು ಎರಡು ತುಂಡಾಗಬಹುದು. ಇಂಥದ್ದು ಒಂದು ಸಿಕ್ಕರೂ ಇಟ್ಟುಕೊಳ್ಳಬೇಡಿ. ತಳದ ಒಳಗೆ ಒಂದರ ಬದಲು ಎರಡು ಸಣ್ಣ ತೂತು ಕಂಡರೆ ಅದು ಬರ್ಡನ್ ಎಂಬ ಬೇರೆ ವಿನ್ಯಾಸದ ಕೇಸು. ಪ್ರೈಮರ್ ತೆಗೆಯುವ ಪಿನ್ ಮುರಿಯುತ್ತದೆ.

.45 ಪಿಸ್ತೂಲ್ ಗುಂಡಿನ ಕೇಸುಗಳಲ್ಲಿ ದೊಡ್ಡ ಪ್ರೈಮರ್, ಸಣ್ಣ ಪ್ರೈಮರ್ ಎರಡೂ ಬರುತ್ತವೆ, ಬೆರೆಸಬೇಡಿ. ನಿಕಲ್ ಲೇಪದ ಕೇಸು ಹೊಳೆಯುತ್ತದೆ, ಆದರೆ ಬಾಯಿ ಬೇಗ ಸೀಳುತ್ತದೆ.

ಪ್ರೈಮರ್ ಮಸಿಯಲ್ಲಿ ಸೀಸ ಇರುತ್ತದೆ. ಕೇಸು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅಡುಗೆಮನೆ ಸಿಂಕಿನಲ್ಲಿ ಕೇಸು ತೊಳೆಯಲೇಬೇಡಿ. ಬೇಡ ಅಂತ ತೆಗೆದಿಟ್ಟದ್ದನ್ನು ಹಾಗೇ ಎಸೆಯಬೇಡಿ. ಇಕ್ಕಳದಲ್ಲಿ ಬಾಯಿ ಚಪ್ಪಟೆ ಮಾಡಿ ಗುಜರಿಗೆ ಹಾಕಿ, ಇನ್ನೊಬ್ಬರು ಎತ್ತಿಕೊಂಡು ತುಂಬುವುದು ಬೇಡ.