ನಟೋರಿಯಸ್ ಮೇಷ್ಟ್ರು!

ದಿನಕ್ಕೆ ಹತ್ತು ಕಷ್ಟದ ಇಂಗ್ಲಿಷ್ ಪದ ಬಾಯಿಪಾಠ ಮಾಡಿ ಎಂದು ಬರೆದಿದ್ದೀರಿ. ನಾನೂ ಮಾಡಿದ್ದೆ ಸಾರ್. ‘ನಟೋರಿಯಸ್’ ಎಂದರೆ ಹೆಸರುವಾಸಿ ಎಂದಷ್ಟೇ ನೆನಪಿಟ್ಟುಕೊಂಡು, ಬೀಳ್ಕೊಡುಗೆ ಭಾಷಣದಲ್ಲಿ ನಮ್ಮ ಮೇಷ್ಟ್ರನ್ನೇ ಹಾಗೆ ಹೊಗಳಿಬಿಟ್ಟೆ. ಅದು ‘ಕುಖ್ಯಾತ’ ಅಂತ ಗೊತ್ತಾಗಿದ್ದು ಹಿಂದಿನ ಸಾಲಿನವರು ನಕ್ಕಾಗ! ಆಮೇಲೆ ಪದದ ಬೇರು ಹಿಡಿಯೋದು ಕಲಿತೆ. ಲ್ಯಾಟಿನ್‌ನ ‘ಸ್ಪೆಕ್’ ಬೇರಿನ ಅರ್ಥ ‘ನೋಡು’ ಅಂತ. ರೆಟ್ರೊಸ್ಪೆಕ್ಟ್ ಅಂದ್ರೆ ಹಿಂತಿರುಗಿ ನೋಡೋದು, ಸರ್ಕಮ್‌ಸ್ಪೆಕ್ಟ್ ಅಂದ್ರೆ ಸುತ್ತ ನೋಡಿ ಹೆಜ್ಜೆ ಇಡುವ ಸ್ವಭಾವದ ಅಂತ. ಇನ್‌ಸ್ಪೆಕ್ಟರ್ ಅಂತೂ ನಮಗೆ ಮೊದಲೇ ಪರಿಚಯ, ಅಲ್ವಾ? ಈಗ ಹೊಸ ಪದ ಕಂಡರೆ ಅದಿರುವ ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳುತ್ತೇನೆ. ಇಂಗ್ಲಿಷಿನವರು ‘ಸ್ಟ್ರಾಂಗ್ ಟೀ’ ಎನ್ನುತ್ತಾರೆ, ‘ಪವರ್‌ಫುಲ್ ಟೀ’ ಎನ್ನುವುದಿಲ್ಲ. ಇಂಥದ್ದು ಸುಮ್ನೆ ಪಟ್ಟಿ ಉರು ಹೊಡೆದರೆ ಸಿಗಲ್ಲ.