ದೀಪ ಆರಿದ ಮೇಲೆ ಕೇಳುವ ಸಂಗೀತ

ಕೆಲವು ವರ್ಷಗಳ ಹಿಂದೆ ನಮ್ಮ ಮೈಸೂರಿನ ಗಣಪತಿ ಪೆಂಡಾಲೊಂದರಲ್ಲಿ ಕಲ್ಯಾಣಿಯ ಆಲಾಪನೆ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಮೈಕು ಸತ್ತರೂ ಪಿಟೀಲು ವಿದ್ವಾಂಸರು ಕಮಾನನ್ನು ಕೆಳಗಿಡಲಿಲ್ಲ. ಅಲ್ಲಿಯವರೆಗೆ ಧ್ವನಿವರ್ಧಕದ ಅಬ್ಬರಕ್ಕೆ ಒಗ್ಗಿ, ಕುರ್ಚಿಗೊರಗಿ ಪಕ್ಕದವರೊಡನೆ ಪಿಸುಗುಡುತ್ತಿದ್ದ ನಾವೆಲ್ಲ ಮುಂದಕ್ಕೆ ಬಾಗಿದೆವು. ಸ್ವರ ಹುಟ್ಟುವ ಮುಂಚೆ ಕಮಾನಿನ ಕೂದಲು ತಂತಿಗೆ ತಾಗುವ ಸಣ್ಣ ಕರಕರ ಸದ್ದು ಕೂಡ ಮೂರನೆಯ ಸಾಲಿನಲ್ಲಿದ್ದ ನನಗೆ ಕೇಳಿಸಿತು.

ಆಸ್ಟ್ರಿಯಾದ ಗೇಯೋರ್ಗ್ ಫ್ರೀಡ್ರಿಶ್ ಹಾಸ್ 2001ರಲ್ಲಿ ರಚಿಸಿದ ಮೂರನೆಯ ಸ್ಟ್ರಿಂಗ್ ಕ್ವಾರ್ಟೆಟ್ ಅನ್ನು, ಅಂದರೆ ನಾಲ್ಕು ತಂತಿವಾದ್ಯಗಳಿಗೆಂದು ಬರೆದ ಕೃತಿಯನ್ನು, ಕೋಣೆಯ ದೀಪ ಆರಿಸಿ ಹೆಡ್‌ಫೋನಿನಲ್ಲಿ ಕೇಳಿದಾಗ ಆ ಸಂಜೆ ನೆನಪಾಯಿತು. ಈ ಕೃತಿಯನ್ನು ಪೂರ್ಣ ಕತ್ತಲಲ್ಲೇ ನುಡಿಸಬೇಕು. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ, ಇನ್ನೂ ದೊಡ್ಡದಾದ ಮಂದ್ರದನಿಯ ಒಂದು ಚೆಲೊ ಸಭಾಂಗಣದ ನಾಲ್ಕು ಮೂಲೆಗಳಲ್ಲಿ, ಕೇಳುಗರು ನಡುವೆ. ಹಾಳೆ ನೋಡಿ ನುಡಿಸುವಂತಿಲ್ಲವಾದ್ದರಿಂದ ಹಾಸ್ ಕೊಟ್ಟಿರುವುದು ಬಹುಪಾಲು ಸೂಚನೆಗಳನ್ನೇ: ಒಬ್ಬರು ಒಂದು ಬಗೆಯ ನುಡಿಸಾಣಿಕೆಗೆ ಆಹ್ವಾನ ಕೊಡುತ್ತಾರೆ, ಉಳಿದವರು ಅದನ್ನು ಒಪ್ಪಿ ಬೆಳೆಸಬಹುದು, ಒಪ್ಪದೆಯೂ ಇರಬಹುದು. ಗಾಯಕರು ಬಿಟ್ಟ ಎಳೆಯನ್ನು ಪಕ್ಕವಾದ್ಯದವರು ಹಿಡಿಯುವುದನ್ನು ಬಾಲ್ಯದಿಂದ ಕಂಡ ನಮಗೆ ಇದು ತೀರ ಪರಕೀಯವೆನಿಸಬಾರದು.

ಆದರೂ ಇಂಥದ್ದನ್ನು ಕೇಳಿಸಿದಾಗ ನನ್ನ ಸಂಗೀತದ ಗೆಳೆಯರು ಹೇಳುವುದು ಒಂದೇ ಮಾತು: ಅಪಸ್ವರ. ನಾನು ಒಪ್ಪುವುದಿಲ್ಲ. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಸುಮ್ಮನೆ ಕುಳಿತರೆ ಯಾರೂ ನುಡಿಸದ ಅಂತರ ಗಾಂಧಾರ ಅದರೊಳಗಿಂದ ತಾನಾಗಿ ಏಳುತ್ತದೆ. ಅದನ್ನು ಗುರುತಿಸುವುದೇ ನಮ್ಮಲ್ಲಿ ಶ್ರುತಿಜ್ಞಾನದ ಗುರುತು. ಹಾಸ್ ಅವರ ಸಂಗೀತ ಬಹುಪಾಲು ನಿಂತಿರುವುದು ಇಂಥ ಉಪಸ್ವರಗಳ ಮೇಲೆಯೇ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಕೂಡಿಸುವ ಪಿಯಾನೋದ ಸಮಪಾಲು ಶ್ರುತಿಗೆ ಒಗ್ಗಿದ ಕಿವಿಗಿಂತ ತಂಬೂರಿಗೆ ಒಗ್ಗಿದ ಕಿವಿ ಅವರಿಗೆ ಹತ್ತಿರ ಎಂದೇ ನನ್ನ ವಾದ.

ಅಮೆರಿಕದ ಜಾರ್ಜ್ ಕ್ರಂಬ್ 1970ರಲ್ಲಿ, ವಿಯೆಟ್ನಾಂ ಯುದ್ಧದ ನಡುವೆ ಬರೆದ 'ಬ್ಲ್ಯಾಕ್ ಏಂಜೆಲ್ಸ್' ಎಂಬ ಕ್ವಾರ್ಟೆಟ್ ಇದಕ್ಕೆ ತದ್ವಿರುದ್ಧ. ಅಲ್ಲಿ ವಾದ್ಯಗಳಿಗೆಲ್ಲ ವಿದ್ಯುತ್ ಧ್ವನಿವರ್ಧನೆ ಬೇಕೇ ಬೇಕು. ಒಂದು ಭಾಗದಲ್ಲಿ ಚೆಲೊ ಮಾತ್ರ ಹಾಡುತ್ತದೆ, ಉಳಿದ ಮೂವರು ನೀರು ತುಂಬಿ ಶ್ರುತಿ ಕೂಡಿಸಿದ ಗಾಜಿನ ಲೋಟಗಳ ಅಂಚಿಗೆ ಕಮಾನು ಎಳೆಯುತ್ತಾರೆ. ಜಲತರಂಗವನ್ನು ಕಡ್ಡಿಯಲ್ಲಿ ಬಡಿಯದೆ ಉಜ್ಜಿದರೆ ಹೀಗೆ ಕೇಳಿಸೀತು. ಹೊಸತೆಲ್ಲವೂ ನನಗೆ ಹಿಡಿಸುತ್ತದೆ ಎಂದಲ್ಲ. ನಾಲ್ವರು ವಾದಕರನ್ನು ನಾಲ್ಕು ಹೆಲಿಕಾಪ್ಟರುಗಳಲ್ಲಿ ಹಾರಿಸಿದ ಜರ್ಮನಿಯ ಸ್ಟಾಕ್‌ಹೌಸನ್ ಅವರ ಕ್ವಾರ್ಟೆಟ್ ನನ್ನ ಮಟ್ಟಿಗೆ ಬರೀ ಗದ್ದಲ.

ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ನಮ್ಮ ಜಯಚಾಮರಾಜ ಒಡೆಯರು. ಹಿಂದಿನ ಸಾಲಿಗೂ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದವರು ತಿರುಮಕೂಡಲು ನರಸೀಪುರದ ಚೌಡಯ್ಯನವರು. ಇಂಥವರನ್ನು ಕಂಡ ಮೈಸೂರಿನವರು ಹೊಸ ಕ್ವಾರ್ಟೆಟ್ ನಮಗಲ್ಲ ಎಂದು ಕೈತೊಳೆದುಕೊಳ್ಳುವುದನ್ನು ನಾನು ಸೋಮಾರಿತನವೆಂದೇ ಕರೆಯುತ್ತೇನೆ.

ಹಾಸ್ ಅವರ ಕೃತಿಗೆ ದೊಡ್ಡ ಸಭಾಂಗಣವೂ ಬೇಡ, ಮೈಕಿನವರೂ ಬೇಡ. ಅಗ್ರಹಾರದ ಕಡೆ ಉಳಿದಿರುವ ಯಾವುದಾದರೊಂದು ತೊಟ್ಟಿಮನೆ, ಅಮಾವಾಸ್ಯೆಯ ರಾತ್ರಿ, ಮೂವತ್ತು ಚಾಪೆ ಸಾಕು. ತೊಟ್ಟಿಯ ನಾಲ್ಕು ಮೂಲೆಗಳ ಕಂಬಗಳ ಪಕ್ಕ ನಾಲ್ವರು ಕುಳಿತುಕೊಳ್ಳಲಿ. ಮೊಬೈಲುಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುವ ಕೆಲಸ ನನಗಿರಲಿ.